ಕಾರ್ಬನ್ ಗಾಲಿ ಹುಟ್ಟುವ ಊರು

ನಿಟ್ಟುವಳ್ಳಿ

ನನ್ನ ಕೆಲಸ ಗಾಲಿಯ ಬೆಂಡು ತೆಗೆಯುವುದು. ಸೈಕಲ್ಲಿನ ಗಾಲಿಯನ್ನು ಸ್ಟ್ಯಾಂಡಿಗೆ ಏರಿಸಿ, ತಿರುಗಿಸಿ, ಅದು ಯಾವ ಕಡೆ ವಾಲುತ್ತದೆ ಎಂದು ನೋಡಿ, ಆ ಕಡೆಯ ಕಡ್ಡಿಯನ್ನು ಕಾಲು ಸುತ್ತು ಸಡಿಲ ಮಾಡಿ, ಈ ಕಡೆಯದನ್ನು ಕಾಲು ಸುತ್ತು ಬಿಗಿ ಮಾಡುವುದು. ಹತ್ತಿ ಗಿರಣಿ ಮುಚ್ಚಿದ ಮೇಲೆ ಅಪ್ಪ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಅವರ ಪಕ್ಕ ಕೂತು ಕಲಿತೆ. ಈಗ ಅಂಗಡಿ ನನ್ನದು. ಹೆಸರು ಗಿರಿಜಾ, ವಯಸ್ಸು ನಲವತ್ತೇಳು, ಅದುವರೆಗೆ ನಾನು ಹೋಗಿಬಂದ ದೂರದ ಊರೆಂದರೆ ಶ್ರೀಶೈಲ. ಅಂಥವಳು ಒಬ್ಬಳೇ ಚೀನಾಕ್ಕೆ ಯಾಕೆ ಹೋದಳು ಎಂದು ಓಣಿಯವರು ಇವತ್ತಿಗೂ ಕೇಳುತ್ತಾರೆ. ಎಲ್ಲರಿಗೂ ಅಂಗಡಿಯಲ್ಲಿ ನಿಂತು ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಈಚೆಗೆ ದಾವಣಗೆರೆಯಲ್ಲಿ ಬೆಳಗಿನ ಸೈಕಲ್ಲಿನ ಮಂದಿ ಹೆಚ್ಚಾಗಿದ್ದಾರೆ. ಹರಿಹರದ ಸೇತುವೆಯವರೆಗೆ ತುಳಿದು, ಹೊಳೆಯನ್ನೊಮ್ಮೆ ನೋಡಿ, ತಿರುಗಿ ಬಂದು ದೋಸೆ ತಿನ್ನುವವರು. ಅವರಿಗೆ ಹಗುರವಾದ ಗಾಲಿ ಬೇಕು. ಕಾರ್ಬನ್ ಗಾಲಿ ಎಂದರೆ ಕರಿ ನೂಲಿನ ಬಟ್ಟೆಯನ್ನು ಅಂಟಿನಲ್ಲಿ ಗಟ್ಟಿ ಮಾಡಿ ಮಾಡಿದ ರಿಮ್ಮು. ಕೈಯಲ್ಲಿ ಹಿಡಿದರೆ ಖಾಲಿ ಮೊರದಷ್ಟು ಹಗುರ. ಬೆಂಗಳೂರಿನ ಒಬ್ಬ ಡೀಲರ್ ಇಟಲಿಯ ಹೆಸರಿನ ಸ್ಟಿಕ್ಕರ್ ಇದ್ದ ಐದು ಜೊತೆ ಕಳಿಸಿದ್ದ. ಐದನ್ನೂ ಮಾರಿದೆ. ಮಾರುವಾಗ, ಇಟಲಿ ಮಾಲು ಎಂದು ಪ್ರತಿಯೊಬ್ಬರಿಗೂ ನನ್ನ ಬಾಯಿಂದಲೇ ಹೇಳಿದೆ.

ಒಂದು ಬೆಳಿಗ್ಗೆ ಜವಳಿ ಅಂಗಡಿಯ ರುದ್ರೇಶ್ ಸೇತುವೆ ದಾಟುತ್ತಿದ್ದಾಗ ಅವರ ಹಿಂದಿನ ರಿಮ್ಮು ಪಟ್ಟನೆ ಸೀಳಿತು. ಬಿದ್ದು ಹೆಗಲ ಮೂಳೆ ಮುರಿಯಿತು. ಡೀಲರನಿಗೆ ಫೋನ್ ಮಾಡಿದರೆ ಅವನು ನಮ್ಮೂರಿನ ರಸ್ತೆಯ ಗುಂಡಿಗಳನ್ನು ಬೈದ. ಆಸ್ಪತ್ರೆಗೆ ಹೋದೆ. ರುದ್ರೇಶ್ ಜೋರು ಮಾಡಲಿಲ್ಲ. ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕೂತಿದ್ದವರು ಮೆಲ್ಲಗೆ ಕೇಳಿದರು:

"ಗಿರಿಜಕ್ಕ, ಅದು ಅಸಲಿ ಏನ್ರಿ?"

ಅಂಗಡಿಗೆ ಬಂದು ಆ ರಿಮ್ಮಿನ ಒಳಮೈಯ ಟೇಪು ಕಿತ್ತೆ. ಅಡಿಯಲ್ಲಿ ಹೆಬ್ಬೆರಳಿನಷ್ಟು ಅಗಲದ ಚೀಟಿ, ಅದರಲ್ಲಿ ಒಂದು ನಂಬರು, ಚೀನೀ ಅಕ್ಷರ. ನನ್ನ ಗಂಡ ಶೇಖರಪ್ಪ ಹೈಸ್ಕೂಲು ಮೇಷ್ಟ್ರು. ಫೋನಿನ ಕ್ಯಾಮೆರಾ ಹಿಡಿದು ಓದಿಸಿದರು. ಶಿಯಾಮೆನ್ ಎಂದು ಬಂತು. ಚೀನಾದ ಸಮುದ್ರದಂಡೆಯ ಊರು. ಜಗತ್ತಿನ ಕಾರ್ಬನ್ ಗಾಲಿಗಳಲ್ಲಿ ಬಹಳಷ್ಟು ಆ ಊರಿನ ಸುತ್ತಮುತ್ತಲೇ ಹುಟ್ಟುತ್ತವೆ, ಹೆಸರು ಮಾತ್ರ ಆಮೇಲೆ ಬೇರೆ ಬೇರೆ ದೇಶದ್ದು ಬೀಳುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಆವತ್ತು, ಮೂವತ್ತು ವರ್ಷ ಗಾಲಿ ಕಟ್ಟಿದ ಮೇಲೆ.

ಚೀಟಿಯ ಮೇಲಿದ್ದ ಕಾರ್ಖಾನೆಗೆ ಪತ್ರ ಬರೆದೆವು. ಅಂಗಡಿಯವಳು, ಗಾಲಿ ಮಾಡುವುದನ್ನು ನೋಡಬೇಕು ಎಂದಷ್ಟೇ ಬರೆದೆ. ಮುರಿದದ್ದನ್ನು ಬರೆಯಲಿಲ್ಲ; ಬರೆದರೆ ಬಾಗಿಲು ತೆಗೆಯುವುದಿಲ್ಲವೇನೋ ಎಂಬ ಹೆದರಿಕೆ. ವೆಂಡಿ ಎಂಬುವಳು ಮರುದಿನವೇ ಉತ್ತರ ಕೊಟ್ಟಳು, ಬನ್ನಿ ಎಂದು. ಶೇಖರಪ್ಪನವರಿಗೆ ಪರೀಕ್ಷೆಯ ಕೆಲಸ. ತಾವು ಬಂದರೂ ಏನು ನೋಡಬೇಕೆಂದು ತಮಗೆ ತಿಳಿಯದು, ನೀನೇ ಹೋಗು ಎಂದರು.

ಮಂಡಕ್ಕಿಯ ವಿಚಾರಣೆ

ಸಿಂಗಪುರದಲ್ಲಿ ವಿಮಾನ ಬದಲಿಸಿ ಶಿಯಾಮೆನ್‌ಗೆ ಇಳಿದಾಗ ಮಂಗಳವಾರ ಮಧ್ಯಾಹ್ನ. ನನ್ನ ಬ್ಯಾಗಿನಲ್ಲಿ ಮುರಿದ ರಿಮ್ಮಿನಿಂದ ಕೊಯ್ದ ಗೇಣುದ್ದದ ತುಂಡು ಇತ್ತು, ಚೀಟಿ ಇದ್ದ ಭಾಗ. ಅದನ್ನು ಕಂಡು ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕಟ್ಟಿಕೊಂಡಿದ್ದೆ. ಕಸ್ಟಮ್ಸಿನವನು ಬ್ಯಾಗು ತೆರೆದ. ರಿಮ್ಮಿನ ತುಂಡನ್ನು ಎತ್ತಿ, ನೋಡಿ, ನಮ್ಮಲ್ಲಿ ಬೆಣ್ಣೆ ಡಬ್ಬಿಯನ್ನು ಪಕ್ಕಕ್ಕಿಡುವ ಹಾಗೆ ಪಕ್ಕಕ್ಕಿಟ್ಟ. ಆ ಊರಲ್ಲಿ ಅದು ದಿನಾ ಕಾಣುವ ಸಾಮಾನು.

ಅವನಿಗೆ ಅನುಮಾನ ಬಂದದ್ದು ನಾನು ದಾರಿಗೆಂದು ತಂದಿದ್ದ ಮಂಡಕ್ಕಿಯ ಚೀಲದ ಮೇಲೆ. ಟ್ರೇಗೆ ಸುರಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಒಂದೊಂದು ಕಾಳು ಹಿಡಿದು ಬೆಳಕಿಗೆ ನೋಡಿದರು. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಆಗ ಎರಡನೆಯವನು ನಕ್ಕು, ಫೋನಿನಲ್ಲಿ ಒಂದು ಚಿತ್ರ ತೆಗೆದು ನನ್ನ ಮುಂದೆ ಹಿಡಿದ. ಅವರಲ್ಲೂ ಮಂಡಕ್ಕಿ ಇದೆ. ಪಾಕಕ್ಕೆ ಹಾಕಿ ಇಟ್ಟಿಗೆಯಂತೆ ಕೊಯ್ದು ತಿನ್ನುತ್ತಾರೆ. ಖಾರ ಹಚ್ಚಿ ತಿನ್ನುವುದನ್ನು ಅವನಿಗೆ ಕೈಸನ್ನೆಯಲ್ಲಿ ಹೇಳಲು ನೋಡಿದೆ. ಅವನು ನನಗೆ ಹೊಟ್ಟೆನೋವೆಂದು ತಿಳಿದು ನೀರಿನ ಮಿಷನ್ನು ತೋರಿಸಿದ. ಅದರಲ್ಲಿ ಬರುತ್ತಿದ್ದದ್ದು ಬಿಸಿನೀರು. ಮುಂದಿನ ಮೂರು ದಿನ ಆ ಊರಲ್ಲಿ ತಣ್ಣೀರು ಕೇಳಿ ಪಡೆಯಲು ನನ್ನಿಂದಾಗಲಿಲ್ಲ.

ಮಂಗಳವಾರ

ವೆಂಡಿ ಹೊರಗೆ ನನ್ನ ಹೆಸರಿನ ಹಲಗೆ ಹಿಡಿದು ನಿಂತಿದ್ದಳು. ಮೂವತ್ತು ದಾಟಿದ ಹೆಂಗಸು, ಸಣ್ಣ ಆಳು, ನಡಿಗೆ ಬಿರುಸು. ವೆಂಡಿ ಎನ್ನುವುದು ಹೊರದೇಶದವರಿಗಾಗಿ ಇಟ್ಟುಕೊಂಡ ಹೆಸರಂತೆ. ಮನೆಯಲ್ಲಿ ಕರೆಯುವ ಹೆಸರನ್ನು ಕಾರಿನಲ್ಲಿ ನಾಲ್ಕು ಸಲ ಹೇಳಿಕೊಟ್ಟಳು. ನಾಲ್ಕು ಸಲವೂ ನಾನು ತಪ್ಪಾಗಿ ಅಂದೆ. ಕೊನೆಗೆ ವೆಂಡಿಯೇ ಸಾಕೆಂದು ತೀರ್ಮಾನವಾಯಿತು.

ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಗಲ್ಲಾಪೆಟ್ಟಿಗೆಯ ಇಂಗ್ಲಿಷು, ಮಾಲು, ತಾರೀಖು, ಅಳತೆಗೆ ಸಾಕಾಗುವಷ್ಟು. ಉಳಿದದ್ದಕ್ಕೆ ಅವಳ ಫೋನು. ನೀವು ಏನು ಕೆಲಸ ಮಾಡುತ್ತೀರಿ ಎಂದು ಡ್ರೈವರ್ ಕೇಳಿದ. ಗಾಲಿಯ ಬೆಂಡು ತೆಗೆಯುತ್ತೇನೆ ಎಂದು ಕನ್ನಡದಲ್ಲಿ ಫೋನಿಗೆ ಹೇಳಿದೆ. ಫೋನು ಗಾಲಿಯನ್ನು ಗಾಳಿ ಎಂದು ಕೇಳಿಸಿಕೊಂಡಿತು. ಈಕೆ ಗಾಳಿಯನ್ನು ನೇರ ಮಾಡುವವರು ಎಂದು ಚೀನೀ ಭಾಷೆಯಲ್ಲಿ ಹೇಳಿತಂತೆ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ಬಹಳ ಗೌರವದಿಂದ ನೋಡಿದ. ವೆಂಡಿ ತಪ್ಪು ತಿದ್ದುವುದಕ್ಕೆ ಮೊದಲು ಎರಡು ಸಿಗ್ನಲ್ ದಾಟಿದ್ದೆವು.

ಶಿಯಾಮೆನ್ ಒಂದು ದ್ವೀಪ. ರಸ್ತೆಯ ಎರಡೂ ಕಡೆ ನಮ್ಮ ಆಲದಂಥದೇ ಮರಗಳು, ಬಿಳಲುಗಳನ್ನು ಕೂದಲು ಕತ್ತರಿಸಿದ ಹಾಗೆ ಸಮನಾಗಿ ಕತ್ತರಿಸಿದ್ದರು. ಹಾರ್ನು ಇಲ್ಲ. ಕರೆಂಟಿನ ಸ್ಕೂಟರುಗಳು ಹಿಂದಿನಿಂದ ಸದ್ದಿಲ್ಲದೆ ಬರುತ್ತವೆ. ನಾನು ಎರಡು ಸಲ ಬೆಚ್ಚಿ ಪಕ್ಕಕ್ಕೆ ಹಾರಿದೆ. ನಮ್ಮ ನಿಟ್ಟುವಳ್ಳಿಯ ಆಟೋದವರು ಊರಿಡೀ ಕೂಗಿಕೊಂಡು ಬರುವುದು ಒಂದು ಉಪಕಾರವೆಂದು ಮೊದಲ ಸಲ ಅನಿಸಿತು.

ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದಾಗ ವೆಂಡಿ ಗಾಬರಿಯಾದಳು. ಆಮೇಲೆ ಯೋಚಿಸಿ ಬೌದ್ಧರ ಗುಡಿಯ ಪಕ್ಕದ ಊಟದ ಮನೆಗೆ ಕರೆದೊಯ್ದಳು. ಅಲ್ಲಿ ಎಲ್ಲವೂ ಸಸ್ಯಾಹಾರ, ಆದರೆ ಎಲ್ಲವನ್ನೂ ಮೀನಿನ ಆಕಾರಕ್ಕೆ, ಕೋಳಿಯ ಆಕಾರಕ್ಕೆ ಮಾಡಿಟ್ಟಿದ್ದರು. ಬಾಲವಿದ್ದ ಕುಂಬಳಕಾಯಿಯನ್ನು ಕಣ್ಣುಮುಚ್ಚಿ ತಿಂದೆ. ರುಚಿ ಚೆನ್ನಾಗಿತ್ತು.

ಬುಧವಾರ, ಕಾರ್ಖಾನೆ

ಕಾರ್ಖಾನೆ ದ್ವೀಪದಿಂದಾಚೆ, ಸೇತುವೆ ದಾಟಿ ಒಳನಾಡಿನಲ್ಲಿ. ಹೊಗೆ, ಬೆಂಕಿ, ಸುತ್ತಿಗೆ ಇರುತ್ತದೆ ಎಂದುಕೊಂಡಿದ್ದೆ. ಹರಿಹರದ ಕಾರ್ಖಾನೆಗಳನ್ನು ನೋಡಿ ಬೆಳೆದವಳು ನಾನು. ಇಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ತಲೆಗೆ ಟೊಪ್ಪಿಗೆ ಹಾಕಿಸಿ, ಒಂದು ತಣ್ಣನೆಯ ಕೋಣೆಗೆ ಬಿಟ್ಟರು. ಕಾರ್ಬನ್ ಬಟ್ಟೆಯ ಸುರುಳಿಗಳು ಅಲ್ಲಿ ಹಾಲಿನ ಡೇರಿಯ ಹಾಗೆ ಚಳಿಯಲ್ಲಿ ಇರುತ್ತವೆ. ಅಂಟು ಮೊದಲೇ ಸವರಿದ ಬಟ್ಟೆ, ಬೆಚ್ಚಗಾದರೆ ಕೆಡುತ್ತದೆ.

ಮುಂದಿನ ಹಜಾರದಲ್ಲಿ ಉದ್ದಕ್ಕೂ ಮೇಜು, ಮೇಜಿನ ಮುಂದೆ ಹೆಂಗಸರು. ಮಿಷನ್ನು ಕತ್ತರಿಸಿ ಕೊಟ್ಟ ಕರಿ ತುಂಡುಗಳನ್ನು ಒಬ್ಬೊಬ್ಬಳೂ ಕೈಯಿಂದ ಎತ್ತಿ, ಉಂಗುರದಂಥ ಅಚ್ಚಿನೊಳಗೆ ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಕೂರಿಸುತ್ತಿದ್ದಳು. ಬಗ್ಗದ ತುಂಡಿಗೆ ತಲೆಕೂದಲು ಒಣಗಿಸುವ ಮಿಷನ್ನಿನಿಂದ ಬಿಸಿಗಾಳಿ ಊದಿ, ಬೆರಳಿನಿಂದ ಒತ್ತುವುದು. ನಾನು ಅಲ್ಲೇ ನಿಂತುಬಿಟ್ಟೆ. ನಮ್ಮಜ್ಜಿ ಹಳೇ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದದ್ದು ಇದೇ ಕೈಚಳಕದಲ್ಲಿ. ಇಷ್ಟು ನಾಜೂಕಿನ ಸಾಮಾನನ್ನು ಪೂರ್ತಿ ಮಿಷನ್ನೇ ಮಾಡುತ್ತದೆ ಎಂದು ನಾನು ನಂಬಿದ್ದೆ. ಒಂದು ರಿಮ್ಮಿಗೆ ಬೆರಳಿನ ಕೆಲಸ ಎಷ್ಟಿದೆ ಎಂದರೆ, ಯಾವ ಹೆಂಗಸು ಜೋಡಿಸಿದಳು ಎನ್ನುವುದನ್ನೂ ಬರೆದಿಡುತ್ತಾರೆ.

ಜೋಡಿಸಿದ ಅಚ್ಚನ್ನು ಮುಚ್ಚಿ, ಒಳಗಿನ ರಬ್ಬರ್ ಚೀಲಕ್ಕೆ ಗಾಳಿ ತುಂಬಿ, ಕಾದ ಒತ್ತುಯಂತ್ರದಲ್ಲಿ ಬೇಯಿಸುತ್ತಾರೆ. ಹೊರಬಂದಾಗ ಅಂಚಿನಲ್ಲಿ ಅಂಟು ಉಕ್ಕಿ ದೋಸೆಯ ಅಂಚಿನಂತೆ ಗರಿಗರಿಯಾಗಿ ನಿಂತಿರುತ್ತದೆ. ಅದನ್ನು ನೀರು ಬಿಟ್ಟು ಉಜ್ಜಿ ತೆಗೆದು, ಕಡ್ಡಿಯ ತೂತು ಕೊರೆದು, ಕೊನೆಗೆ ಸ್ಟಿಕ್ಕರ್. ಸ್ಟಿಕ್ಕರಿನ ಮೇಜಿನಲ್ಲಿ ನೋಡಿದೆ: ಒಂದು ಸಾಲಿಗೆ ಜರ್ಮನಿಯ ಹೆಸರು, ಪಕ್ಕದ ಸಾಲಿಗೆ ಅಮೆರಿಕದ್ದು, ಅದರಾಚೆ ನಾನು ಮಾರಿದ ಇಟಲಿಯದು. ಅಂಟಿಸುವವಳು ಒಬ್ಬಳೇ.

ಹಾಗಾದರೆ ಎಲ್ಲವೂ ಒಂದೇನಾ ಎಂದು ವೆಂಡಿಯನ್ನು ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಕೆಲವು ಕಂಪನಿಯವರು ತಮ್ಮದೇ ಅಚ್ಚು, ತಮ್ಮದೇ ಲೆಕ್ಕ ಕಳಿಸುತ್ತಾರೆ, ಯಾವ ತುಂಡು ಯಾವ ಕೋನದಲ್ಲಿ ಎಂದು. ಕೆಲವರು ಇಲ್ಲಿನ ಅಚ್ಚಿನದನ್ನೇ ಕೊಂಡು ಹೆಸರು ಅಂಟಿಸುತ್ತಾರೆ. ಅಡುಗೆಮನೆ ಒಂದು, ಅಡುಗೆ ಬೇರೆ ಬೇರೆ ಎಂದು ನಾನು ಅರ್ಥ ಮಾಡಿಕೊಂಡೆ. ನಾನು ಮಾರಿದ್ದು ಇಲ್ಲಿನ ಅಚ್ಚಿನದು. ಖೋಟಾ ಅಲ್ಲ, ಇಟಲಿಯದೂ ಅಲ್ಲ.

ಮಧ್ಯಾಹ್ನ ಊಟವಾದ ಕೂಡಲೇ ಹಜಾರದ ದೀಪಗಳೆಲ್ಲ ಆರಿದವು. ಕರೆಂಟು ಹೋಯಿತೆಂದುಕೊಂಡೆ. ನೋಡಿದರೆ ಕೆಲವರು ಮಡಿಚುವ ಮಂಚ ಬಿಡಿಸಿ, ಕೆಲವರು ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಾರೆ. ವೆಂಡಿ ನನಗೂ ಒಂದು ಮಂಚ ಕೊಟ್ಟು ತಾನು ಮಲಗಿದಳು. ಮೂವತ್ತು ವರ್ಷ ಅಂಗಡಿ ನಡೆಸಿದ ನಾನು ಹಗಲು ಮಲಗಿದವಳಲ್ಲ. ಕತ್ತಲೆಯಲ್ಲಿ ಸುಮ್ಮನೆ ಕಣ್ಣು ಬಿಟ್ಟುಕೊಂಡಿದ್ದೆ. ಬ್ಯಾಗಿನಲ್ಲಿದ್ದ ತುಂಡಿನ ನೆನಪಾಗುತ್ತಿತ್ತು. ಇಷ್ಟು ಆದರಿಸಿದವರಿಗೆ ನಾನು ಬಂದ ಕಾರಣವನ್ನೇ ಹೇಳಿರಲಿಲ್ಲ.

ಗುರುವಾರ

ಮರುದಿನ ಬೆಳಿಗ್ಗೆ ಹೇಳಿದೆ. ತುಂಡನ್ನು ತೆಗೆದು ವೆಂಡಿಯ ಮೇಜಿನ ಮೇಲಿಟ್ಟೆ. ರುದ್ರೇಶ್ ಬಿದ್ದದ್ದು, ಮೂಳೆ ಮುರಿದದ್ದು, ಮುಚ್ಚಿಟ್ಟು ಬಂದದ್ದು, ಎಲ್ಲ ಹೇಳಿದೆ. ಅವಳ ಮುಖ ಸಣ್ಣದಾಯಿತು. ಎದ್ದು ಹೋಗಿ ಪರೀಕ್ಷೆ ಕೋಣೆಯ ಚೆನ್ ಎಂಬ ಹೆಂಗಸನ್ನು ಕರೆದುಕೊಂಡು ಬಂದಳು.

ಚೆನ್ ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಕೆಲಸ ಕೇಳಿಸಿಕೊಳ್ಳುವುದು. ಸಿದ್ಧವಾದ ರಿಮ್ಮನ್ನು ದಾರಕ್ಕೆ ತೂಗುಹಾಕಿ ಸುತ್ತಲೂ ಒಂದು ನಾಣ್ಯದಿಂದ ತಟ್ಟುತ್ತಾರೆ. ಪದರಗಳು ಸರಿಯಾಗಿ ಬೆಸೆದಿದ್ದರೆ ಟಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಆ ಜಾಗದಲ್ಲಿ ಸದ್ದು ಮಂದವಾಗುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಾವು ಬೆರಳಿನಿಂದ ಕುಟ್ಟಿ ನೋಡುತ್ತೇವಲ್ಲ, ಅದೇ.

ಚೆನ್ ತುಂಡನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದರು. ಚೀಟಿಯ ಪಕ್ಕ, ನಾನು ಕೊಳೆಯೆಂದು ತಿಳಿದಿದ್ದ ಕಡೆ, ಬೆಳ್ಳಿಬಣ್ಣದ ಪೆನ್ನಿನ ಒಂದು ಸಣ್ಣ ಗೀಟಿತ್ತು. ಅವರು ಅದರ ಮೇಲೆ ಬೆರಳಿಟ್ಟರು. ಅದು ಅವರದೇ ಗುರುತು. ಈ ರಿಮ್ಮು ಬೇಡ, ಕತ್ತರಿಸಿ ಎಂಬುದಕ್ಕೆ ಹಾಕುವ ಗೀಟು. ಕಂಪ್ಯೂಟರಿನಲ್ಲಿ ನಂಬರು ಹುಡುಕಿದರು. ಕತ್ತರಿಸಲಾಗಿದೆ ಎಂದು ದಾಖಲೆಯಲ್ಲಿತ್ತು. ಕತ್ತರಿಸಿರಲಿಲ್ಲ. ಗುಜರಿಗೆ ಹೋಗಬೇಕಾದದ್ದನ್ನು ಯಾರೋ ದಾರಿಯಲ್ಲಿ ಎತ್ತಿ, ಬಣ್ಣ ಸವರಿ, ಒಳ್ಳೆಯದರ ಜೊತೆ ಬೆರೆಸಿ ಮಾರಿದ್ದಾರೆ.

ಮ್ಯಾನೇಜರ್ ಬಂದರು. ತೆಳ್ಳನೆಯ, ಬಹಳ ಮರ್ಯಾದೆಯ ಮನುಷ್ಯ. ಹಣತೆಯಷ್ಟು ಚಿಕ್ಕ ಲೋಟದಲ್ಲಿ ಆರು ಸಲ ಚಹಾ ಬಗ್ಗಿಸಿದರು. ಗುಜರಿಯ ಗುತ್ತಿಗೆದಾರನನ್ನು ಬಿಡಿಸಿ ವರ್ಷವಾಯಿತು, ಇದು ಹಳೆಯ ಮಾತು ಎಂದರು. ಎರಡು ಜೊತೆ ಹೊಸ ಗಾಲಿ ಕೊಡುತ್ತೇವೆ, ಈ ತುಂಡನ್ನು ಇಲ್ಲೇ ಬಿಟ್ಟುಹೋಗಿ ಎಂದರು. ನಾನು ಹತ್ತು ಸಾವಿರ ಮಾತು ಯೋಚಿಸಿಕೊಂಡಿದ್ದೆ. ಹೊರಟದ್ದು ಇಷ್ಟೇ, ಅದೂ ಕನ್ನಡದಲ್ಲಿ:

"ಹೊಸ ಗಾಲಿ ಬ್ಯಾಡ್ರಿ. ಇನ್ನೂ ಒಂಬತ್ತು ರಿಮ್ಮಿನ ಮ್ಯಾಲೆ ನಮ್ಮೂರಿನ ಮಂದಿ ಕುಂತಾರ. ಅವು ಹೆಂಗ ಐದಾವ ಅಂತ ಹೇಳ್ರಿ, ಸಾಕು."

ಫೋನು ಅದನ್ನು ಹೇಗೆ ತಿರುಗಿಸಿತೋ ಗೊತ್ತಿಲ್ಲ. ಮ್ಯಾನೇಜರ್ ಏಳನೆಯ ಸಲ ಚಹಾ ಬಗ್ಗಿಸಿದರು. ಆಗ ಚೆನ್ ಏನೋ ಅಂದರು, ದನಿ ಎತ್ತದೆ, ಒಂದೇ ಸಾಲು. ಏನೆಂದರು ಎಂದು ಆಮೇಲೆ ವೆಂಡಿಯನ್ನು ಕೇಳಿದೆ. ಬೇಡವೆಂದು ಗೀಟು ಹಾಕಿದ ರಿಮ್ಮುಗಳ ಪಟ್ಟಿ ಕೊಡದಿದ್ದರೆ ನಾಳೆಯಿಂದ ನಾನು ತಟ್ಟಿ ಏನು ಪ್ರಯೋಜನ ಎಂದರಂತೆ.

ಪಟ್ಟಿ ಬಂತು. ನಾನು ಶೇಖರಪ್ಪನವರಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಿಗ್ಗೆ. ಅವರು ಶಾಲೆಗೆ ಹೋಗುವ ಮೊದಲೂ ಬಿಟ್ಟ ಮೇಲೂ ಮನೆ ಮನೆಗೆ ಸ್ಕೂಟರಿನಲ್ಲಿ ತಿರುಗಿ, ಟೈರು ಬಿಚ್ಚಿಸಿ, ನಂಬರು ಓದಿ ಹೇಳಿದರು. ಒಂದೊಂದನ್ನೂ ಚೆನ್, ರಾತ್ರಿಯವರೆಗೂ ಮನೆಗೆ ಹೋಗದೆ ಕೂತು, ಪಟ್ಟಿಯ ಮೇಲೆ ಬೆರಳು ಜಾರಿಸಿ ನೋಡುತ್ತಿದ್ದರು. ಎಂಟು ನಂಬರು ಪಟ್ಟಿಯಲ್ಲಿ ಇರಲಿಲ್ಲ. ಒಂಬತ್ತನೆಯದು ಇತ್ತು. ಅದು ಸವಿತಾ ಅವರ ಮುಂದಿನ ಗಾಲಿ.

ಸವಿತಾ ಹರಿಹರದ ಶಾಲೆಯೊಂದರಲ್ಲಿ ಆಟದ ಟೀಚರು, ಮನೆ ಕಡರನಾಯಕನಹಳ್ಳಿ. ಆ ಭಾನುವಾರ ಚಿಕ್ಕಮಗಳೂರಿನ ಬೆಟ್ಟದಲ್ಲಿ ರೇಸಿತ್ತು, ಹತ್ತಿ ಇಳಿಯುವುದು. ಅದಕ್ಕೆ ಅವರು ವರ್ಷವಿಡೀ ತಯಾರಿ ಮಾಡಿದ್ದರು. ಶೇಖರಪ್ಪ ವಿಷಯ ಹೇಳಿದಾಗ ಅವರು ಗಾಲಿ ಬಿಚ್ಚಿ ಕೊಡಲು ಒಪ್ಪಲಿಲ್ಲ. ಒಂದು ಗೆರೆಯೂ ಬಿದ್ದಿಲ್ಲ, ರೇಸು ಮುಗಿಯಲಿ, ಆಮೇಲೆ ನೋಡೋಣ ಎಂದರಂತೆ. ಮುಂದಿನ ಗಾಲಿ ಸೀಳಿದರೆ ಹಿಂದಿನದರ ಹಾಗೆ ಹೆಗಲ ಮೂಳೆಗೆ ಮುಗಿಯುವುದಿಲ್ಲ. ನನ್ನ ಟಿಕೆಟ್ಟು ಭಾನುವಾರಕ್ಕಿತ್ತು. ವೆಂಡಿ ಏರ್‌ಲೈನ್ಸಿನವರ ಹತ್ತಿರ ಒಂದು ತಾಸು ಮಾತಾಡಿ ಅದನ್ನು ಶುಕ್ರವಾರಕ್ಕೆ ಬದಲಿಸಿದಳು. ಹೊರಡುವಾಗ ತುಂಡು ನನ್ನ ಬ್ಯಾಗಿನಲ್ಲೇ ಇತ್ತು, ಯಾರೂ ಕೇಳಲಿಲ್ಲ. ಸಮುದ್ರದ ದಂಡೆಗೆ ಹೋಗುವುದು ಹಾಗೇ ಉಳಿಯಿತು, ಸೇತುವೆಯಿಂದ, ವಿಮಾನದ ಕಿಟಕಿಯಿಂದ ಕಂಡದ್ದೇ.

ಕಡರನಾಯಕನಹಳ್ಳಿ, ಶನಿವಾರ

ಬೆಂಗಳೂರಿನಿಂದ ರೈಲು ಹಿಡಿದು ದಾವಣಗೆರೆಯಲ್ಲಿ ಇಳಿಯದೆ ನೇರ ಹರಿಹರಕ್ಕೆ ಹೋದೆ. ಶೇಖರಪ್ಪ ಸ್ಟೇಷನ್ನಿನ ಹೊರಗೆ ಸ್ಕೂಟರ್ ಹಿಡಿದು ನಿಂತಿದ್ದರು. ಹಿಂದಿನ ದಿನ ನಾನು ಫೋನಿನಲ್ಲಿ ಹೇಳಿದ್ದ ಹಾಗೆ ಅಂಗಡಿಯಿಂದ ಒಂದು ಅಲ್ಯೂಮಿನಿಯಂ ಗಾಲಿ ತಂದಿದ್ದರು, ನನ್ನ ಕೈಯಾರೆ ಕಟ್ಟಿದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ.

ಸವಿತಾ ಕಟ್ಟೆಯ ಮೇಲೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಕೂಡ್ರಿ ಎಂದರು, ಆದರೆ ಮುಖ ಬಿಗಿದಿತ್ತು. ನಾನು ಮಾತು ಬೆಳೆಸಲಿಲ್ಲ. ಗಾಲಿ ಬಿಚ್ಚಬೇಡಿ, ನನಗೆ ಐದು ನಿಮಿಷ ಕೊಡಿ, ಆಮೇಲೆ ನೀವೇ ತೀರ್ಮಾನ ಮಾಡಿ ಎಂದೆ. ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಪರ್ಸಿನಿಂದ ಒಂದು ನಾಣ್ಯ ತೆಗೆದು, ಮುಂದಿನ ರಿಮ್ಮನ್ನು ಮೆಲ್ಲಗೆ ತಿರುಗಿಸುತ್ತ ತಟ್ಟಿದೆ. ಟಣ್, ಟಣ್, ಟಣ್. ಅರ್ಧ ಸುತ್ತು ಹಾಗೇ ಬಂತು. ನನಗೇ ಅನುಮಾನ ಬಂತು, ಚೆನ್ ತಪ್ಪಿರಬಹುದೇ, ನನ್ನ ಕಿವಿ ತಪ್ಪುತ್ತಿರಬಹುದೇ ಎಂದು. ಮುಕ್ಕಾಲು ಸುತ್ತಿಗೆ ಬಂದಾಗ ಸದ್ದು ಬದಲಾಯಿತು. ಒದ್ದೆ ಹಲಗೆಯನ್ನು ಕುಟ್ಟಿದ ಹಾಗೆ. ನಾಲ್ಕು ಬೆರಳಗಲ ಹಾಗಿತ್ತು, ಆಮೇಲೆ ಮತ್ತೆ ಟಣ್.

ನಾಣ್ಯವನ್ನು ಸವಿತಾ ಅವರ ಕೈಗೆ ಕೊಟ್ಟೆ. ಅವರೇ ತಟ್ಟಿದರು. ಆ ಜಾಗಕ್ಕೆ ಬಂದು ನಿಂತು, ಹಿಂದೆ ಹೋಗಿ, ಮತ್ತೆ ಬಂದು ತಟ್ಟಿದರು. ಆಮೇಲೆ ನನ್ನ ಮುಖ ನೋಡಿದರು.

"ಇಟಲಿದು ಅಂದಿದ್ರಿ. ಗೊತ್ತಿತ್ತೇನ್ರಿ ನಿಮಗೆ?"

"ಗೊತ್ತಿರಲಿಲ್ಲ," ಅಂದೆ. "ನಾನು ಯಾರನ್ನೂ ಕೇಳಿರಲಿಲ್ಲ. ಸ್ಟಿಕ್ಕರ್ ಓದಿ ಹೇಳಿದ್ದೆ."

ಇದನ್ನು ಹೇಳುವಾಗ ನನಗಾದ ನಾಚಿಕೆ ಶಿಯಾಮೆನ್‌ನ ಆ ಚಹಾದ ಮೇಜಿನ ಮುಂದೆ ಆಗಿರಲಿಲ್ಲ. ಸವಿತಾ ಸ್ಪ್ಯಾನರ್ ತೆಗೆದುಕೊಂಡು ಮುಂದಿನ ಗಾಲಿಯನ್ನು ತಾವೇ ಬಿಚ್ಚಿದರು. ಹಿಂದಿನದನ್ನೂ ತಟ್ಟಿ ನೋಡಿದೆವು. ಅದು ಸರಿ ಇತ್ತು, ಇಟ್ಟುಕೊಂಡರು. ನಾನು ತಂದ ಅಲ್ಯೂಮಿನಿಯಂ ಗಾಲಿಯನ್ನು ಕೈಯಲ್ಲಿ ತೂಗಿ ನೋಡಿ, ಭಾರ ಐತೆ ಎಂದರು. ಹೌದೆಂದೆ. ಅವರ ಕಣ್ಣೆದುರಿಗೇ ಕೂರಿಸಿ, ತಿರುಗಿಸಿ, ಒಂದು ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ ಕೊಟ್ಟೆ.

ಭಾನುವಾರ

ಬೆಳಿಗ್ಗೆ ರುದ್ರೇಶ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರ ಕೈ ಇನ್ನೂ ಪಟ್ಟಿಯಲ್ಲಿತ್ತು. ಪೂರ್ತಿ ಕೇಳಿ, ಡೀಲರನಿಗೆ ಬರೆಯುವ ಕಾಗದಕ್ಕೆ ತಾವೂ ಸಹಿ ಹಾಕುವುದಾಗಿ ಹೇಳಿದರು. ಚೆನ್ ಅವರ ಕೆಲಸದ ವಿಷಯ ಎರಡು ಸಲ ಕೇಳಿ ತಿಳಿದುಕೊಂಡರು. ಮೂಳೆ ಕೂಡಿದ ಮೇಲೆ ಮತ್ತೆ ಸೈಕಲ್ ತುಳಿಯುತ್ತೀರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಸವಿತಾ ಅವರ ಫೋನು ಬಂತು. ಬೆಟ್ಟದ ಬುಡದಿಂದ ಮಾಡಿದ್ದರು. ಹಿಂದೆ ಮಂದಿಯ ಗದ್ದಲ, ಗಾಳಿ. ಹತ್ತುವಾಗ ಗಾಲಿ ಭಾರವಾಯಿತು, ಕೊನೆಯ ತಿರುವಿನಲ್ಲಿ ಇಬ್ಬರು ಮುಂದೆ ಹೋದರು, ಐದನೆಯವಳಾದೆ ಎಂದರು. ನಾನು ಸಮಾಧಾನ ಹೇಳಲು ಹೊರಟೆ. ಅವರು ತಡೆದರು.

"ಅದಕ್ಕಲ್ಲ ಫೋನ್ ಮಾಡಿದ್ದು. ಇಳಿಯೋವಾಗ ಗಾಲಿ ನೆನಪೇ ಬರ್ಲಿಲ್ಲ ಕಣ್ರಿ. ಅದನ್ನ ಹೇಳಾಣ ಅಂತ."

ಗಾಲಿ ಕಟ್ಟುವವಳಿಗೆ ಇದಕ್ಕಿಂತ ದೊಡ್ಡ ಮಾತನ್ನು ಯಾರೂ ಹೇಳಲಾರರು. ಹುಷಾರಾಗಿ ಬರ್ರಿ ಎಂದು ಫೋನು ಇಟ್ಟೆ.